ನಲವತ್ತೆಂಟು ಚೂರು ಸಂವಿಧಾನ

“ಹನ್ನೆರಡು ಗಂಟೆ ಹನ್ನೆರಡು ನಿಮಿಷ! ಅದಕ್ಕಿಂತ ಒಂದು ನಿಮಿಷ ತಡವಾಗಲಿ, ಒಂದೇ ಒಂದು ಪದ ಬಿಟ್ಟುಹೋಗಲಿ, ಈ ಕಾರ್ಯದರ್ಶಿ ಪದವಿಗೆ ಅಲ್ಲೇ, ಆ ಮೈಕಿನ ಮುಂದೆಯೇ ರಾಜೀನಾಮೆ!”

ಬೀದಿಯ ನಿವಾಸಿಗಳ ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ಹೀಗೆ ಗುಡುಗಿ ಕುಳಿತಾಗ ಹಿಂದಿನ ಸಾಲಿನಿಂದ ಒಂದೇ ಒಂದು ಚಪ್ಪಾಳೆ ಕೇಳಿಸಿತು. ಅದು ಸಿಗ್ನಲ್ ಮಾವನದು. ರಾಜೀನಾಮೆ ಎಂಬ ಪದಕ್ಕೆ ಹೊಡೆದ ಚಪ್ಪಾಳೆ!

ವಿಷಯ ಇಷ್ಟು. ದೇಶದ ಸಂವಿಧಾನ ಜಾರಿಗೆ ಬಂದ ದಿನ ಆ ಬೀದಿಯವರೆಲ್ಲ ಸಮುದಾಯ ಭವನದಲ್ಲಿ ಸೇರಿ ಅದನ್ನು ಮೊದಲಿಂದ ಕೊನೆಯವರೆಗೆ ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದರು. ಗ್ರಂಥಾಲಯದಲ್ಲಿದ್ದ ಮೂವತ್ತೆರಡು ಪುಟಗಳ ಸಂಕ್ಷಿಪ್ತ ಸಂವಿಧಾನ. ಹೋದ ವರ್ಷ ಕಾರ್ಯದರ್ಶಿಯಾಗಿದ್ದವರು ಸಿಗ್ನಲ್ ಮಾವ. ಮೂವತ್ತೈದು ವರ್ಷ ರೈಲುಗಳಿಗೆ ಬಾವುಟ ತೋರಿಸಿ ನಿವೃತ್ತರಾದವರು. ಓದುವವರನ್ನೂ ಅವರು ರೈಲುಗಳಂತೆಯೇ ನಡೆಸಿದರು: ಬಂದರು, ನಿಂತರು, ಹೋದರು! ತಮ್ಮ ಪಾಲು ಮುಗಿಸಿದವರು ನೇರವಾಗಿ ಚಪ್ಪಲಿ ಮೆಟ್ಟಿಕೊಂಡು ಮನೆ ಸೇರಿದರು. ಕೊನೆಯ ಪುಟ ಓದುವ ಹೊತ್ತಿಗೆ ಕೇಳುವುದಕ್ಕೆ ಉಳಿದಿದ್ದು ನಾಲ್ಕು ಫ್ಯಾನು ಮತ್ತು ಒಬ್ಬ ಕಾವಲುಗಾರ. ಕಾವಲುಗಾರ ಗೊರಕೆ ಹೊಡೆಯುತ್ತಿದ್ದ.

“ಇದು ದೇಶಭಕ್ತಿಯ ಕೊರತೆ ಅಲ್ಲ, ಕಾಲಮಾಪನದ ವೈಫಲ್ಯ!” ಎಂದು ರೋಗ ಪತ್ತೆ ಮಾಡಿದವರೇ ನಮ್ಮ ಕಾರ್ಯದರ್ಶಿಗಳು. ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದ್ದರಿಂದ ಜನ ಏಳುತ್ತಾರೆ. ನಿಮಿಷ ಲೆಕ್ಕ ಹಾಕಿ ಹೇಳಿದರೆ ಕೊನೆಯ ಸಾಲಿನವರೆಗೂ ಭವನ ತುಂಬಿರುತ್ತದೆ. ಈ ಸಿದ್ಧಾಂತದ ಬಲದ ಮೇಲೆಯೇ ಅವರು ಸಿಗ್ನಲ್ ಮಾವನನ್ನು ಹನ್ನೊಂದು ಮತಗಳಿಂದ ಕೆಳಗಿಳಿಸಿ ಪದವಿ ಹಿಡಿದಿದ್ದು.

ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವರದು ಇಪ್ಪತ್ತೆರಡು ವರ್ಷದ ಸೇವೆ. ಒಂದು ಹನಿ ಹೆಚ್ಚಾದರೆ ಇಡೀ ಪರೀಕ್ಷೆಯನ್ನು ಮತ್ತೆ ಮೊದಲಿಂದ ಮಾಡುವ ಜಾತಿ. ಮನೆಯಲ್ಲಿ ಅನ್ನಕ್ಕೆ ಉಪ್ಪು ಹಾಕುವಾಗಲೂ “ಅಂದಾಜು ಅನ್ನೋದು ಒಂದು ಅಳತೆ ಅಲ್ಲ” ಎನ್ನುತ್ತಿದ್ದರು. ಬೀದಿಯವರು ಎದುರಿಗೆ ‘ಕಾರ್ಯದರ್ಶಿಗಳೇ’ ಎಂದೂ ಬೆನ್ನ ಹಿಂದೆ ‘ಸೆಕೆಂಡಪ್ಪ’ ಎಂದೂ ಕರೆಯುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು, ಎರಡನ್ನೂ ಹೊಗಳಿಕೆ ಎಂದೇ ಸ್ವೀಕರಿಸಿದ್ದರು.

ತಿಂಗಳ ಮೊದಲೇ ಕಾರ್ಯಾಚರಣೆ ಶುರುವಾಯಿತು. ಸ್ಟಾಪ್‌ವಾಚ್ ಹಿಡಿದು ಮನೆ ಮನೆಗೆ ಹೋದರು. ತೊಂಬತ್ತಾರು ಜನರಿಂದ ಕುಕ್ಕರಿನ ಜೊತೆ ಬಂದಿದ್ದ ಸೂಚನೆ ಪುಸ್ತಕದ ಮೊದಲ ಪ್ಯಾರಾ ಓದಿಸಿದರು. ಕೆಳಮನೆಯ ಬೇಕರಿ ಅಕ್ಕ ನಿಮಿಷಕ್ಕೆ ನೂರಾ ಅರವತ್ತಮೂರು ಪದ. ಅವರ ನೆತ್ತಿಯ ಮೇಲೆ ಮಹಡಿಯಲ್ಲಿರುವ ಸಿಗ್ನಲ್ ಮಾವ ಎಪ್ಪತ್ತೊಂದು. (ಮಾವನ ಬಾಲ್ಕನಿಯ ಹೂಕುಂಡದ ನೀರು ಅಕ್ಕನ ಬ್ರೆಡ್ಡಿನ ತಟ್ಟೆಗೆ ತೊಟ್ಟಿಕ್ಕಿದ ದಿನದಿಂದ ಮೂರು ವರ್ಷ ಇಬ್ಬರಿಗೂ ಮಾತಿಲ್ಲ.) ಈ ವೇಗಗಳನ್ನು ಹಿಡಿದು ಕಾರ್ಯದರ್ಶಿಗಳು, ಗ್ರಂಥಾಲಯದಿಂದ ತಂದ ಸಂವಿಧಾನದ ಪ್ರತಿ ಪುಟಕ್ಕೂ ತೆಳ್ಳಗೆ ಎರಡೆರಡು ಪೆನ್ಸಿಲ್ ಗೆರೆ ಹಾಕಿ ಮೂರು ಪಾಲು ಮಾಡಿದರು. ಬೇಗ ಓದುವವರಿಗೆ ಅಗಲ ಪಾಲು, ನಿಧಾನದವರಿಗೆ ಕಿರಿದು. ಪ್ರತಿ ಪಾಲಿಗೂ ಸರಿಯಾಗಿ ಎರಡು ನಿಮಿಷ, ಅಂಚಿನಲ್ಲಿ ಒಂದೊಂದು ನಂಬರು. ತೊಂಬತ್ತಾರು ಪಾಲು, ನೂರಾ ತೊಂಬತ್ತೆರಡು ನಿಮಿಷ. ಒಂಬತ್ತಕ್ಕೆ ಶುರು, ಹನ್ನೆರಡೂ ಹನ್ನೆರಡಕ್ಕೆ ಮುಕ್ತಾಯ!

ಜೊತೆಗೆ ಓದಿನ ನಿಯಮಾವಳಿಯನ್ನೂ ರಚಿಸಿ ತೊಂಬತ್ತಾರು ಸಹಿ ಹಾಕಿಸಿದರು. ಮೂರನೆಯ ನಿಯಮ: ಕಾಗದದಿಂದಲೇ ಓದತಕ್ಕದ್ದು, ಮೊಬೈಲಿನಿಂದ ಓದತಕ್ಕದ್ದಲ್ಲ. ನಾಲ್ಕನೆಯ ನಿಯಮ: ಈ ನಿಯಮಗಳನ್ನು ತಿದ್ದಬೇಕಾದರೆ ಏಳು ದಿನ ಮುಂಚೆ ನೋಟಿಸು ಕೊಟ್ಟು, ಸಭೆ ಕರೆದು, ಮೂರನೇ ಎರಡರಷ್ಟು ಬಹುಮತ ಪಡೆಯತಕ್ಕದ್ದು.

ಹಿಂದಿನ ದಿನ ಸಂಜೆ ಐದಕ್ಕೆ ಜೆರಾಕ್ಸ್ ಅಂಗಡಿ ಮುಚ್ಚುವ ಮುಂಚೆ ಓಡಿ ಪ್ರತಿ ಮಾಡಿಸಿಕೊಂಡರು. ಅಂಗಡಿಯ ಹೆಂಗಸು ಕಟ್ಟು ಕೈಗಿಡುತ್ತಾ, “ಸಾರ್, ಹೊಸ ಮೆಷಿನ್ನು, ನಾನೇ ಎರಡೂ...” ಎಂದು ಏನೋ ಹೇಳಹೊರಟಳು. ವೇಳಾಪಟ್ಟಿಯಲ್ಲಿ ನಲವತ್ತು ಸೆಕೆಂಡು ಹಿಂದೆ ಬಿದ್ದಿದ್ದ ಕಾರ್ಯದರ್ಶಿಗಳು ಅಂಗೈ ಎತ್ತಿ ತಡೆದು, “ನಾಡಿದ್ದು ಹೇಳಮ್ಮ” ಎಂದು ಹೊರಟೇಬಿಟ್ಟರು. ಪೆನ್ಸಿಲ್ ಗೆರೆ ಅಳಿಸಿ ಪುಸ್ತಕವನ್ನು ಗ್ರಂಥಾಲಯಕ್ಕೆ ಮುಟ್ಟಿಸಿದರು. ಗ್ರಂಥಪಾಲಕಿ ಬೀಗ ಹಾಕಿ ಅಲ್ಲಿಂದಲೇ ಮಗಳ ಬಾಣಂತನಕ್ಕೆ ಊರಿಗೆ ಹೊರಟರು. ಕಟ್ಟು ಸ್ವಲ್ಪ ಹಗುರ ಅನ್ನಿಸಿತು. ಕಾಗದದ ತಯಾರಿಕೆ ಎಷ್ಟು ಮುಂದುವರಿದಿದೆ ಎಂದು ಕಾರ್ಯದರ್ಶಿಗಳು ಮೆಚ್ಚಿಕೊಂಡರು.

ಮನೆಯ ಮುಂದಿನ ಕೋಣೆಯೇ ಹೆಂಡತಿಯ ಟೈಲರಿಂಗ್ ಅಂಗಡಿ. ಬಟ್ಟೆ ಕತ್ತರಿಸುವ ಉದ್ದದ ಮೇಜು, ಮೆಷಿನ್ನು, ಗೋಡೆಗೆ ತೂಗುಹಾಕಿದ ಅರ್ಧಂಬರ್ಧ ಅಂಗಿಗಳು. ಒಬ್ಬೊಬ್ಬರ ಪಾಲನ್ನೂ ಬಿಡಿ ಚೀಟಿಯಾಗಿ ಹಂಚಲು ಕಾರ್ಯದರ್ಶಿಗಳು ಮೇಜಿನ ಮೇಲೆ ಕಟ್ಟು ಇಟ್ಟು ದೊಡ್ಡ ಕತ್ತರಿಗೆ ಕೈ ಹಾಕಿದರು.

“ರೀ, ಅದು ಬಟ್ಟೆ ಕತ್ತರಿ! ಕಾಗದಕ್ಕೆ ಹಾಕಿದ್ರೆ ಮೊಂಡಾಗುತ್ತೆ.”

“ದೇಶದ ಕೆಲಸ ಕಣೇ ಇದು.”

“ದೇಶ ನಾಳೆ ಬಂದು ಸಾಣೆ ಹಿಡಿಸಿ ಕೊಡುತ್ತಾ?”

“ಮೂವತ್ತೆರಡು ಹಾಳೆ, ಹಾಳೆಗೆ ಎರಡು ಸಲ. ಒಟ್ಟು ಅರವತ್ತನಾಲ್ಕೇ ಸಲ, ಹದಿನೆಂಟು ನಿಮಿಷ!”

“ಕತ್ತರಿಸೋ ಮುಂಚೆ ಒಂದ್ಸಲ ಪೂರ್ತಿ ಹರಡಿ ನೋಡ್ರೀ. ನಾನು ಒಂದು ತೋಳು ಕತ್ತರಿಸೋಕೂ ನಾಲ್ಕು ಸಲ ನೋಡ್ತೀನಿ.”

“ಪ್ರಯೋಗಾಲಯದ ಶಿಸ್ತು ನಿನಗೆ ಗೊತ್ತಿಲ್ಲ. ಕತ್ತರಿಸುವವನು ಓದಬಾರದು, ಓದುವವನು ಕತ್ತರಿಸಬಾರದು. ಒಂದು ಸಲಕ್ಕೆ ಒಂದೇ ಕ್ರಿಯೆ!”

ಹೀಗೆ ಶಿಸ್ತಾಗಿ, ಒಂದಕ್ಷರವನ್ನೂ ಓದದೆ, ಗೆರೆ ಕಂಡಲ್ಲಿ ಕತ್ತರಿ ಓಡಿಸಿದರು. ಮುಗಿಸಿ ಗಡಿಯಾರ ನೋಡಿದರೆ ಒಂಬತ್ತೇ ನಿಮಿಷ! “ಅಂದಾಜಿಗಿಂತ ಅರ್ಧ ಸಮಯ! ನೋಡು, ಕೈಚಳಕ ಅಂದ್ರೆ ಇದು!” ಎಂದು ಬೀಗಿ, ಎರಡನೆಯ ಕ್ರಿಯೆಯಾದ ಜೋಡಣೆಗೆ ಕುಳಿತರು.

ಒಂದು. ಎರಡು. ಮೂರು. ಏಳು.

ಕಾರ್ಯದರ್ಶಿಗಳು ಮೇಜಿನ ಕೆಳಗೆ ನುಗ್ಗಿದರು. ನಾಲ್ಕು ಇರಲಿಲ್ಲ. ಐದೂ ಇಲ್ಲ, ಆರೂ ಇಲ್ಲ. ಮುಂದೆ ನೋಡಿದರೆ ಹತ್ತೂ ಇಲ್ಲ!

“ನಿನ್ನ ಬಟ್ಟೆ ಚೂರಿನ ಚೀಲಕ್ಕೆ ಹೋಗಿದೆ!”

“ನನ್ನ ಚೀಲ ಬಾಗಿಲ ಹತ್ರ ಇದೆ, ನೀವು ಕಿಟಕಿ ಹತ್ರ ಇದೀರಿ. ಸಂವಿಧಾನಕ್ಕೆ ಕಾಲು ಬಂತಾ?”

ಚೀಲ ಬೋರಲಾಯಿತು. ಕೋಣೆ ತುಂಬ ಬಣ್ಣಬಣ್ಣದ ಚೂರು. ಮೂಲೆಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದ ಅತ್ತೆ ಕಾಲ ಬಳಿ ಹಾರಿಬಂದ ಒಂದು ಕಾಗದ ಎತ್ತಿಕೊಂಡು, ಕನ್ನಡಕ ಏರಿಸಿ, ಆ ಕಡೆ ಈ ಕಡೆ ತಿರುಗಿಸಿದರು.

“ಅಳಿಯಂದ್ರೇ, ನಿಮಗೆ ನಾಲ್ಕನೇ ನಂಬರ್ ಬೇಕಾ?”

“ಎಲ್ಲಿದೆ ಅತ್ತೆ?”

“ಇಲ್ಲೇ ಇದೆ. ಒಂದರ ಬೆನ್ನಿಗೆ.”

ಕಾರ್ಯದರ್ಶಿಗಳು ಚೂರನ್ನು ಕಸಿದುಕೊಂಡು ತಿರುವಿದರು. ಪ್ರಯೋಗಾಲಯದಲ್ಲಿ ವರದಿಯ ಹಿಂಬದಿ ಖಾಲಿ ಇರಲೇಬೇಕೆಂಬುದು ನಿಯಮ. ಇಪ್ಪತ್ತೆರಡು ವರ್ಷಗಳಲ್ಲಿ ಕಾರ್ಯದರ್ಶಿಗಳು ಒಂದೇ ಒಂದು ಕಾಗದವನ್ನು ತಿರುವಿ ನೋಡಿದವರಲ್ಲ! ಜೆರಾಕ್ಸಿನ ಹೆಂಗಸು ಒಳ್ಳೆಯ ಮನಸ್ಸಿನಿಂದ ಎರಡೂ ಬದಿಗೆ ಮುದ್ರಿಸಿ ಕಾಗದ ಉಳಿಸಿದ್ದಳು. ಹದಿನಾರೇ ಹಾಳೆ, ನಲವತ್ತೆಂಟೇ ಚೂರು. ಮುಂಬದಿಯ ಗೆರೆಗೆ ಹಾಕಿದ ಕತ್ತರಿ ಹಿಂಬದಿಯಲ್ಲಿ ಸಿಕ್ಕ ಸಿಕ್ಕ ಕಡೆ ಹಾದಿತ್ತು. ಆಗಲೂ ಕಾರ್ಯದರ್ಶಿಗಳು ಲೆಕ್ಕ ಬಿಡಲಿಲ್ಲ: ಮೂವತ್ತೆರಡು ಗಾಯ, ಅದರಲ್ಲಿ ಹನ್ನೊಂದು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ, ಇಪ್ಪತ್ತೊಂದು ಅಕ್ಷರಗಳ ಹೊಟ್ಟೆಯಲ್ಲಿ!

“ಹೋಗ್ಲಿ ಬಿಡಿ, ಎಲ್ಲರೂ ಮೊಬೈಲ್ ನೋಡಿ ಓದ್ಲಿ” ಎಂದಳು ಹೆಂಡತಿ.

“ಮೂರನೇ ನಿಯಮ!”

“ನಿಯಮ ತಿದ್ದಿ.”

“ನಾಲ್ಕನೇ ನಿಯಮ! ಏಳು ದಿನದ ನೋಟಿಸು!”

“ನಿಮ್ಮ ಆಫೀಸಲ್ಲಿ ಪ್ರಿಂಟರ್ ಇದೆಯಲ್ಲ?”

“ಕಚೇರಿಯ ಕಾಗದವನ್ನು ಸ್ವಂತಕ್ಕೆ ಬಳಸತಕ್ಕದ್ದಲ್ಲ ಅಂತ ಬೋರ್ಡಿದೆ.”

“ಯಾರು ಹಾಕಿದ್ದು?”

“...ನಾನೇ.”

“ಪಕ್ಕದ ಮನೇಲಿ ಸೆಲೋಟೇಪ್ ಕೇಳಲಾ?”

“ಕೇಳು! ಟೇಪು ನಮ್ಮ ಬಾಗಿಲಿಗೆ ಬರೋ ಮುಂಚೆ ಸುದ್ದಿ ಸಿಗ್ನಲ್ ಮಾವನ ಬಾಗಿಲಿಗೆ ಹೋಗಿರುತ್ತೆ!”

ಅಂಟು ಹಾಕೋಣವೆಂದರೆ ಹಿಂದೆ ಇನ್ನೊಂದು ಕಾಗದ ಕೊಡಬೇಕು, ಕೊಟ್ಟರೆ ಒಂದು ಬದಿ ಸಂವಿಧಾನ ಮುಚ್ಚಿಹೋಗುತ್ತದೆ. ಕಾರ್ಯದರ್ಶಿಗಳ ದೃಷ್ಟಿ ನಿಧಾನವಾಗಿ ಹೊಲಿಗೆ ಮೆಷಿನ್ನಿನ ಮೇಲೆ ನೆಟ್ಟಿತು.

“ರೀ, ಬೇಡ. ಕಾಗದಕ್ಕೆ ಹೊಲಿಗೆ ನಿಲ್ಲಲ್ಲ.”

“ಬಟ್ಟೆಗೆ ನಿಲ್ಲುತ್ತೆ ಅಂದ್ರೆ ಕಾಗದಕ್ಕೆ ಯಾಕೆ ನಿಲ್ಲಲ್ಲ? ಎರಡೂ ನಾರೇ!”

ಈ ವೈಜ್ಞಾನಿಕ ಮಾತು ಕೇಳಿ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅದನ್ನು ಕಾರ್ಯದರ್ಶಿಗಳು ಒಪ್ಪಿಗೆ ಎಂದು ದಾಖಲಿಸಿಕೊಂಡರು. ಅಂಚಿಗೆ ಅಂಚು ತಾಗಿಸಿ, ಅಂಕುಡೊಂಕು ಹೊಲಿಗೆ ಹಾಕಿ, ಮೂರು ಸೂಜಿ ಮುರಿದು, ಹದಿನಾರೂ ಹಾಳೆಗಳನ್ನು ಮತ್ತೆ ಒಂದು ಮಾಡಿದರು. ಬಿಳಿ ಹಾಳೆ, ನೀಲಿ ದಾರ. ನೋಡುವುದಕ್ಕೆ ಚೆಂದವೇ ಇತ್ತು!

ಮರುದಿನ ಒಂಬತ್ತಕ್ಕೆ ಭವನ ತುಂಬಿತ್ತು. “ಸುಧಾರಿತ ವ್ಯವಸ್ಥೆ! ಈ ವರ್ಷ ಬಿಡಿ ಚೀಟಿಗಳಿಲ್ಲ, ಎಲ್ಲರೂ ವೇದಿಕೆಗೆ ಬಂದು ಒಂದೇ ಗ್ರಂಥದಿಂದ ಓದತಕ್ಕದ್ದು” ಎಂದು ಕಾರ್ಯದರ್ಶಿಗಳು ಎದೆ ಉಬ್ಬಿಸಿ ಸಾರಿ, ಸ್ಟಾಪ್‌ವಾಚ್ ಒತ್ತಿದರು. ಮೊದಲ ಮೂರು ಪಾಲು ಗಡಿಯಾರದಂತೆ ನಡೆದವು. ಆರು ನಿಮಿಷ ಎರಡು ಸೆಕೆಂಡು. ಎರಡು ಸೆಕೆಂಡಿನದು ಅತ್ತೆಯ ಕೆಮ್ಮು.

ನಾಲ್ಕನೆಯವರು ಸಿಗ್ನಲ್ ಮಾವ. ಹಾಳೆಯನ್ನು ತಿರುವಿದರು. ಕಣ್ಣು ಕಿರಿದು ಮಾಡಿದರು. “ಇದೇನು, ಈ ಸಾಲಿನ ಮೇಲೆ ಜಡೆ ಹೆಣೆದಂಗಿದೆ?” ಎನ್ನುತ್ತಾ ಬೆಳಕಿಗೆ ಹಿಡಿಯಲು ಹಾಳೆಯನ್ನು ಎತ್ತಿದರು. ಸೂಜಿ ಚುಚ್ಚಿದ ತೂತುಗಳು ಅಂಚೆಚೀಟಿಯ ಅಂಚಿನಂತೆ ಕೆಲಸ ಮಾಡಿದವು.

ಪರ್ರ್!

ಮಾವನ ಕೈಯಲ್ಲಿ ಮೇಲಿನ ತುಂಡು ಉಳಿಯಿತು. ಅವರು ಮೈಕಿಗೆ ಬಾಯಿ ತಂದು, ವರ್ಷವಿಡೀ ಕಾದಿದ್ದ ಧ್ವನಿಯಲ್ಲಿ ಘೋಷಿಸಿದರು: “ಕಾರ್ಯದರ್ಶಿಗಳೇ, ಸಂವಿಧಾನ ಹರಿದುಹೋಯ್ತು!”

ಕಾರ್ಯದರ್ಶಿಗಳು ಹಾರಿಬಂದು ಉಳಿದ ಹಾಳೆಗಳನ್ನು ಎದೆಗವಚಿಕೊಂಡರು. ಅವಚಿಕೊಂಡ ರಭಸಕ್ಕೆ ಅವೂ ಪರ್ರ್, ಪರ್ರ್! ಉಳಿದ ಕೆಲಸವನ್ನು ನಾಲ್ಕು ಫ್ಯಾನುಗಳು ಪೂರೈಸಿದವು. ನೀಲಿ ದಾರ ಇಳಿಬಿಟ್ಟುಕೊಂಡ ನಲವತ್ತೆಂಟು ಚೂರುಗಳು ಭವನದ ತುಂಬ ಹಾರಾಡಿದವು. ಆರನೇ ಸಾಲಿನಲ್ಲಿ ಯಾರೋ ಎದ್ದರು. ಬಾಗಿಲ ಬಳಿ ಒಬ್ಬರು ಚಪ್ಪಲಿ ಹುಡುಕುತ್ತಿದ್ದರು. ಕಾರ್ಯದರ್ಶಿಗಳ ಕಣ್ಣಿಗೆ ಬಿದ್ದದ್ದು ಅದೊಂದೇ. ಹೋದ ವರ್ಷ ಮುಗಿಯುವ ಹೊತ್ತಿಗೆ ಖಾಲಿಯಾದ ಭವನ, ಈ ವರ್ಷ ಶುರುವಾಗುತ್ತಲೇ ಖಾಲಿ!

“ಯಾರೂ ಹೆಜ್ಜೆ ಎತ್ತಬೇಡಿ! ಕಾಲ ಕೆಳಗೆ ಏನಿದೆ ನೋಡ್ಕೊಳ್ಳಿ. ಫ್ಯಾನ್ ಆರಿಸ್ರಿ!”

ಮೈಕಿಲ್ಲದೆಯೇ ಕೇಳಿದ ಆ ಧ್ವನಿ ಹೆಂಡತಿಯದು. ಅಳತೆ ತೆಗೆಯುವಾಗ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡರೆ ‘ಬಿಡ್ರೀ, ಹೊಟ್ಟೆ ಬಿಡ್ರೀ’ ಎಂದು ಗದರುವ ಧ್ವನಿ. ಇಡೀ ಭವನ ಗಕ್ಕನೆ ನಿಂತಿತು. ಅವಳು ಚೂರುಗಳನ್ನು ಆರಿಸಿ, ಅಂಚು ನೋಡಿ, ಒಂದೊಂದನ್ನೂ ಒಬ್ಬೊಬ್ಬರ ಕೈಗೆ ಕೊಡುತ್ತಾ ಹೋದಳು.

“ನೀವು ಕುತ್ತಿಗೆ, ನೀವು ನಡು, ಅಮ್ಮ ನೀನು ಅಂಚು. ಮೂರು ಜನ ಅಂಟಿ ನಿಂತ್ರೆ ಒಂದು ಹಾಳೆ. ಮುಂಬದಿ ಓದಿ ಆದ್ಮೇಲೆ ಮೂರೂ ಜನ ಒಟ್ಟಿಗೆ ತಿರುಗಿಸಬೇಕು. ಓದೋರು ಎದುರು ನಿಂತು ಓದ್ಲಿ. ಕೈ ಅಲ್ಲಾಡಿಸಿದ್ರೆ ನೋಡಿ!”

ಮೊದಲ ಹಾಳೆಯ ಕುತ್ತಿಗೆ ಸಿಗ್ನಲ್ ಮಾವನ ಕೈಗೆ ಬಂತು. ನಡು ಯಾರ ಕೈಗೆ ಬರಬೇಕು? ಬೇಕರಿ ಅಕ್ಕನ ಕೈಗೆ! ಹಿಂಬದಿಯ ಒಂದು ಸಾಲು ಸರಿಯಾಗಿ ಇಬ್ಬರ ನಡುವೆ ಸೀಳಿಹೋಗಿತ್ತು. ಅಕ್ಷರಗಳ ತಲೆ ಮಾವನ ಹತ್ತಿರ, ಕಾಲು ಅಕ್ಕನ ಹತ್ತಿರ. ಇಬ್ಬರೂ ಕಾಗದ ಚಾಚಿ, ಮುಖಗಳನ್ನು ಆಚೆ ಈಚೆ ತಿರುಗಿಸಿ ನಿಂತರು. ಮಧ್ಯೆ ಒಂದು ಗೇಣು ಗಾಳಿ.

“ಹಿಂಗೆ ನಿಂತ್ರೆ ಯಾರಿಗೆ ಓದೋಕಾಗುತ್ತೆ?” ಎಂದರು ಅತ್ತೆ ಕೆಳಗಿನಿಂದ.

“ಅವರಿಗೆ ಸ್ವಲ್ಪ ಹತ್ರ ತರೋಕೆ ಹೇಳಿ” ಎಂದರು ಮಾವ, ಗೋಡೆಗೆ.

“ಅವರೇ ಕೆಳಗೆ ಇಳಿಸಲಿ” ಎಂದರು ಅಕ್ಕ, ಕಿಟಕಿಗೆ. ಆಮೇಲೆ ತಡೆಯಲಾರದೆ ನೇರವಾಗಿ ತಿರುಗಿ, “ಮೂರು ವರ್ಷದಿಂದ ನೀರು ಇಳಿಸ್ತಾನೇ ಇದೀರಲ್ಲ ಮಾವ, ಕಾಗದ ಇಳಿಸೋಕೆ ಏನು ಕಷ್ಟ?” ಎಂದರು.

ಭವನ ಗೊಳ್ಳೆಂದಿತು. ಮಾವನ ಕಿವಿ ಕೆಂಪಾಯಿತು. ಕಾಗದ ಇಳಿಯಿತು. ಅಂಚಿಗೆ ಅಂಚು ಕೂಡಿದಾಗ ಎದುರು ನಿಂತಿದ್ದ ಹೆಂಡತಿ ಗಟ್ಟಿಯಾಗಿ ಓದಿದಳು: ನಾಗರಿಕರು ಶಾಂತಿಯಿಂದ ಒಂದೆಡೆ ಸೇರುವ ಹಕ್ಕನ್ನು ಹೊಂದಿರುತ್ತಾರೆ.

“ಇನ್ನೊಂದ್ಸಲ ಓದಮ್ಮ” ಎಂದರು ಮಾವ. “ಅರ್ಧ ನನ್ನ ಕೈಲೇ ಇದ್ರೂ ನನಗೆ ಕಾಣಲಿಲ್ಲ.”

ಅಲ್ಲಿಂದ ಮುಂದೆ ವೇಳಾಪಟ್ಟಿ ಎಂಬುದು ಉಳಿಯಲಿಲ್ಲ. ಹಿಡಿಯಲು ಮೂವರು, ಓದಲು ಒಬ್ಬರು, ಇಣುಕಲು ಹತ್ತು ಜನ. ಸೀಳು ಬಿದ್ದ ಸಾಲು ಬಂದಾಗಲೆಲ್ಲ “ಮೇಲೆ, ಮೇಲೆ, ಸಾಕು!” ಎಂದು ಇಡೀ ಭವನ ಕೂಗುತ್ತಿತ್ತು. ನಿಧಾನವಾಗಿ ಓದಿದ್ದರಿಂದ ಕಿವಿಗೆ ಬಿದ್ದಿತು, ಕಿವಿಗೆ ಬಿದ್ದದ್ದರಿಂದ ಪ್ರಶ್ನೆಗಳೂ ಎದ್ದವು. “ಹಾಗಂದ್ರೆ ಕಾರಣ ಹೇಳದೆ ಯಾರನ್ನೂ ಹಿಡಿದಿಡೋ ಹಾಗಿಲ್ವಾ?” ಎಂದು ಕಾವಲುಗಾರನೇ ಬಾಗಿಲು ಬಿಟ್ಟು ಒಳಗೆ ಬಂದು ಕೇಳಿದ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ಮನೆಗೆ ಹೋಗುವಂತಿರಲಿಲ್ಲ. ಚೂರು ಹಿಡಿದವರು ಹೋದರೆ ಹಾಳೆ ಹೋಯಿತು! ಎದ್ದು ಚಪ್ಪಲಿ ಹುಡುಕುತ್ತಿದ್ದವರ ಕೈಗೇ ಹನ್ನೆರಡನೆಯ ಹಾಳೆಯ ಅಂಚು ಬಂದಿತ್ತು. ಪಾಪ, ಅವರು ಚಪ್ಪಲಿ ಮೆಟ್ಟಿಕೊಂಡೇ ಎರಡೂವರೆಯವರೆಗೆ ಕಾದರು.

ಹನ್ನೆರಡೂ ಹನ್ನೆರಡು ಬಂತು, ಹೋಯಿತು. ಆಗ ಹದಿಮೂರನೆಯ ಪುಟ. ಕಾರ್ಯದರ್ಶಿಗಳು ಸ್ಟಾಪ್‌ವಾಚನ್ನು ಜೇಬಿಗಿಳಿಸಿ, ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತರು. ಆದರೆ ಕಣ್ಣು ತಲೆಗಳನ್ನು ಎಣಿಸುತ್ತಿತ್ತು. ಒಂದು ಗಂಟೆಗೆ ನೂರಾ ಹದಿನೆಂಟು. ಎರಡಕ್ಕೆ ನೂರಾ ಇಪ್ಪತ್ತೊಂದು! ಎರಡು ಸಲ ಎಣಿಸಿದರು. ಮೂರು ಜನ ಹೆಚ್ಚಾಗಿದ್ದರು.

ಮೂರು ಗಂಟೆ ಐದು ನಿಮಿಷಕ್ಕೆ ಕೊನೆಯ ಸಾಲು ಮುಗಿದಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಸಿಗ್ನಲ್ ಮಾವನೇ ಮೈಕು ಹಿಡಿದು, “ಸುಳ್ಳು ಯಾಕೆ ಹೇಳ್ಲಿ, ಭಾರಿ ತಲೆ ಓಡಿಸಿದ್ದಾರೆ ಕಾರ್ಯದರ್ಶಿಗಳು! ಯಾರೂ ಎದ್ದು ಹೋಗದಿರಲಿ ಅಂತ ಬೇಕಂತಲೇ ಹಿಂಗೆ ಕತ್ತರಿಸಿದ್ದು ತಾನೇ?” ಎಂದು ಕೇಳಿದರು.

ಕಾರ್ಯದರ್ಶಿಗಳು ಮೈಕಿನ ಮುಂದೆ ನಿಂತರು. ‘ಹೌದು’ ಎಂದರೆ ಮುಗಿಯಿತು. ಪದವಿಯೂ ಉಳಿಯಿತು, ಕೀರ್ತಿಯೂ ಬಂತು! ಅವರು ಮೈಕಿಗೆ ಕೈ ಚಾಚಿದರು. ಆದರೆ ಇಪ್ಪತ್ತೆರಡು ವರ್ಷ ಒಂದು ವರದಿಯನ್ನೂ ತಿದ್ದದ ಕೈ ಅದು.

“ಇಲ್ಲ” ಎಂದರು. “ನಾನು ಕಾಗದದ ಹಿಂಬದಿ ನೋಡಲಿಲ್ಲ. ಹೆಂಡತಿ ನೋಡು ಅಂದಳು, ನೋಡಲಿಲ್ಲ. ಹೊಲೀಬೇಡ ಅಂದಳು, ಹೊಲಿದೆ. ಇಲ್ಲಿ ಏನು ಸರಿಹೋಯಿತೋ ಅದು ಅವಳದು, ಏನು ಹರಿಯಿತೋ ಅದು ನನ್ನದು. ಎರಡು ಗಂಟೆ ಐವತ್ತಮೂರು ನಿಮಿಷ ತಡ. ಮಾತು ಕೊಟ್ಟ ಪ್ರಕಾರ ಈ ಕ್ಷಣದಿಂದ ಕಾರ್ಯದರ್ಶಿ ಪದವಿಗೆ ರಾಜೀನಾಮೆ ನೀಡುತ್ತಿದ್ದೇನೆ.”

ಹೇಳಿ ತಲೆ ಬಗ್ಗಿಸಿ ನಿಂತರು. ಒಳಗೊಳಗೆ ಮಾತ್ರ, ಈಗ ಇಡೀ ಬೀದಿ ಒಕ್ಕೊರಲಿನಿಂದ ‘ಬೇಡ, ಬೇಡ’ ಎನ್ನುತ್ತದೆ, ತಾವು ಬಹಳ ಸಂಕೋಚದಿಂದ ರಾಜೀನಾಮೆ ವಾಪಸು ಪಡೆಯಬೇಕಾಗುತ್ತದೆ ಎಂದು ಅಂದಾಜು ಮಾಡಿದ್ದರು.

“ಅಂಗೀಕಾರ!” ಎಂದರು ಸಿಗ್ನಲ್ ಮಾವ.

“ಅಂಗೀಕಾರ!” ಎಂದಿತು ಭವನ.

“ಹಾಗಾದ್ರೆ ಅವರ ಮನೆಯವರೇ ಕಾರ್ಯದರ್ಶಿ ಆಗ್ಲಿ” ಎಂದರು ಬೇಕರಿ ಅಕ್ಕ. ನೂರಾ ಇಪ್ಪತ್ತೊಂದು ಜನ ಕೈ ಎತ್ತಿದರು. ಅತ್ತೆ ಎರಡೂ ಕೈ ಎತ್ತಿದ್ದರು. ಎಣಿಸುವ ಜವಾಬ್ದಾರಿ ಅಭ್ಯಾಸಬಲದಿಂದ ಮಾಜಿ ಕಾರ್ಯದರ್ಶಿಗಳೇ ವಹಿಸಿಕೊಂಡರು. ತಮ್ಮ ಕೈಯನ್ನೂ ಸೇರಿಸಿ.

ಮರುದಿನ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಸಿಗ್ನಲ್ ಮಾವ, ಕೈಯಲ್ಲೊಂದು ಅರ್ಜಿ.

“ಕಾರ್ಯದರ್ಶಿಗಳು ಇದಾರಾ?”

“ಹೇಳಿ ಮಾವ” ಎಂದು ಇವರು ಅಂಗಿ ನೇರ ಮಾಡಿಕೊಂಡರು.

“ನೀವಲ್ಲ ಮಾರಾಯ್ರೇ, ಮೇಡಂ! ಆ ಬೇಕರಿ ಅಕ್ಕ ನಿನ್ನೆಯಿಂದ ಬಾಯಿ ಮುಚ್ಚಿಲ್ಲ. ಮೂರು ವರ್ಷದ ಬಾಕಿ ಮಾತೆಲ್ಲ ಒಟ್ಟಿಗೆ ಆಡ್ತಿದ್ದಾರೆ. ಒಂದು ದೂರು ಬರ್ಕೊಂಡು ಬಂದಿದೀನಿ.”

ಒಳಗಿನಿಂದ ಮೆಷಿನ್ನಿನ ಸದ್ದಿನ ನಡುವೆ ಹೊಸ ಕಾರ್ಯದರ್ಶಿಗಳ ಧ್ವನಿ ಬಂತು. “ರೀ, ಅವರನ್ನ ಕೂರಿಸಿ ನೀರು ಕೊಡಿ. ಒಂದು ತೋಳು ಮುಗಿಸಿ ಬರ್ತೀನಿ.”

“ಎಷ್ಟು ನಿಮಿಷ ಆಗುತ್ತೆ ಅಂತ ಹೇಳ್ಲಿ?”

“ಆಗೋಷ್ಟು!”